ಬಂದರು ತಪ್ಪಿದ್ದಕ್ಕೆ ಕ್ಯಾಪ್ಟನ್ ಮೇಲೆ ಸಿಟ್ಟು ಬೇಡ

ಬಿರುಗಾಳಿ ಅಂತ ಕ್ರೂಸ್ ಹಡಗು ಒಂದು ಬಂದರನ್ನು ಬಿಟ್ಟು ಮುಂದೆ ಹೋಯಿತು, ದುಡ್ಡು ಕೊಟ್ಟವರಿಗೆ ಮೋಸ ಆಯಿತು ಎಂದು ಲೇಖನದಲ್ಲಿ ಬರೆದಿದ್ದೀರಿ. ಬೇಜಾರು ಸಹಜ. ಆದರೆ ಕ್ಯಾಪ್ಟನ್ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

2019ರ ಮಾರ್ಚ್ 23ರಂದು ನಾರ್ವೆಯ ಹುಸ್ತಾದ್‌ವಿಕಾ ಬಳಿ ಬಿರುಗಾಳಿಗೆ ಸಿಕ್ಕ ವೈಕಿಂಗ್ ಸ್ಕೈ ಕ್ರೂಸ್ ಹಡಗಿಗೆ ಏನಾಯಿತು ನೆನಪಿದೆಯಾ? ಅದು ಆಳ ಕಡಿಮೆ, ಬಂಡೆಗಳು ಜಾಸ್ತಿ ಇರುವ ಜಾಗ. ಎಂಜಿನ್‌ಗಳಲ್ಲಿ ಲೂಬ್ರಿಕೇಶನ್ ಆಯಿಲ್ ಮಟ್ಟ ಕಡಿಮೆ ಇತ್ತು. ಹಡಗು ಹೊಯ್ದಾಡಿದಾಗ ಪಂಪಿಗೆ ಎಣ್ಣೆ ಸರಿಯಾಗಿ ಸಿಗಲಿಲ್ಲ, ಎಂಜಿನ್‌ಗಳು ತಾವಾಗಿಯೇ ನಿಂತವು. ಹಡಗು ಬಂಡೆಗಳ ಕಡೆಗೆ ತೇಲತೊಡಗಿತು. ಒಳಗಿದ್ದವರು 1,373 ಜನ! ಲಂಗರು ಹಾಕಿದರು, ಒಂದು ಎಂಜಿನ್ ಮತ್ತೆ ಶುರುವಾಯಿತು, ಬಚಾವಾದರು. ಆ ಗಾಳಿಯಲ್ಲೇ ಹೆಲಿಕಾಪ್ಟರ್‌ಗಳು 479 ಜನರನ್ನು ಹಗ್ಗ ಕಟ್ಟಿ ಮೇಲೆತ್ತಿದವು. ಆ ಪೈಲಟ್‌ಗಳಿಗೆ ಎಷ್ಟು ಕೈ ಮುಗಿದರೂ ಸಾಲದು. ಮರುದಿನ ಹಡಗು ಮೋಲ್ಡೆ ಬಂದರು ಸೇರಿತು. ಯಾರೂ ಸಾಯಲಿಲ್ಲ.

ಟಿಕೆಟ್ ಕರಾರಿನಲ್ಲಿ ದಾರಿ ಬದಲಿಸುವ ಹಕ್ಕು ಸಾಮಾನ್ಯವಾಗಿ ಹಡಗಿನವರಿಗೇ ಇರುತ್ತದೆ. ಸುಮ್ನೆ ಜಗಳಕ್ಕಿಂತ, ಬಂದರು ಶುಲ್ಕ ವಾಪಸ್ ಕೇಳಿ. ಮುಂದಿನ ಸಲ ಇನ್ಶೂರೆನ್ಸ್‌ನಲ್ಲಿ ಇಂಥ ಬದಲಾವಣೆಗೆ ಪರಿಹಾರ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.