ಭೂತಕ್ಕೆ ವೈಪರ್ ಮೋಟಾರೇ ಸರಿ

ಭೂತ-ಪಿಶಾಚಿಗಳ ವೇಷದ ಹಬ್ಬವಾದ ಹ್ಯಾಲೋವೀನ್‌ನ ಅಲಂಕಾರದ ಬಗ್ಗೆ ಪ್ರಕಟವಾದ ಲೇಖನದಲ್ಲಿ, ಚಲಿಸುವ ಗೊಂಬೆಗಳಿಗೆಲ್ಲ ಸಣ್ಣ ಸರ್ವೋ ಮೋಟಾರ್ (ಹೇಳಿದಷ್ಟೇ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್) ಸಾಕು ಎಂದು ಲೇಖಕರು ಬರೆದಿದ್ದಾರೆ. ಕಣ್ಣು ಹೊರಳಿಸಲು, ತಲೆಬುರುಡೆಯ ದವಡೆ ಆಡಿಸಲು ಸಾಕು, ಒಪ್ಪುತ್ತೇನೆ. ಆದರೆ ಅದರಿಂದ ಶವಪೆಟ್ಟಿಗೆಯ ಮುಚ್ಚಳ ಎತ್ತಿಸಲು ಹೊರಟರೆ ಪ್ಲಾಸ್ಟಿಕ್ ಗೇರಿನ ಹಲ್ಲುಗಳು ಉದುರಿಹೋಗುತ್ತವೆ. ಅಂಥ ಕೆಲಸಕ್ಕೆ ಕಾರಿನ ಹಳೆಯ ವೈಪರ್ ಮೋಟಾರೇ ಬೇಕು. ಒಳಗೇ ವರ್ಮ್ ಗೇರ್ (ತಿರುಪಿನಂಥ ದಂಡದಿಂದ ತಿರುಗುವ ಹಲ್ಲುಚಕ್ರ) ಇರುವುದರಿಂದ ಅದು ನಿಧಾನವಾಗಿ, ಬಲವಾಗಿ ತಿರುಗುತ್ತದೆ. 12 ವೋಲ್ಟ್‌ನ ಮೋಟಾರನ್ನು 5 ವೋಲ್ಟ್‌ನಲ್ಲಿ ಓಡಿಸಿದರೆ ವೇಗ ಇನ್ನೂ ತಗ್ಗುತ್ತದೆ. ಅವಸರಪಡುವ ಭೂತಕ್ಕೆ ಯಾರು ತಾನೇ ಹೆದರುತ್ತಾರೆ!

ಲೇಖನದಲ್ಲಿ ಬಿಟ್ಟುಹೋದ ಮುಖ್ಯ ಸಂಗತಿಯೊಂದಿದೆ. ಹಲವು ವೈಪರ್ ಮೋಟಾರ್‌ಗಳಲ್ಲಿ ಲೋಹದ ಕವಚವೇ ವಿದ್ಯುತ್ತಿನ ಋಣ (ನೆಗೆಟಿವ್) ತುದಿಗೆ ಸೇರಿರುತ್ತದೆ; ಕವಚ ತಾಗಿದ ಲೋಹವೂ ಆ ತುದಿಗೆ ಸೇರಿಬಿಡುತ್ತದೆ. ಆದ್ದರಿಂದ ಕಬ್ಬಿಣದ ಚೌಕಟ್ಟಿಗೆ ನೇರವಾಗಿ ಬಿಗಿಯದೆ ಮರದ ಹಲಗೆಯ ಮೇಲೆ ಕೂರಿಸಿ, ಫ್ಯೂಸ್ ಹಾಕಿ. ಮೋಟಾರಿನ ದಂಡಕ್ಕೆ ಸೇರಿ ಸುತ್ತುವ ಕ್ರ್ಯಾಂಕ್ ತೋಳಿನಲ್ಲಿ ಬೇರೆ ಬೇರೆ ದೂರಕ್ಕೆ ರಂಧ್ರ ಕೊರೆದಿಟ್ಟರೆ ಚಲನೆಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಈ ಭಾಗಕ್ಕೆ ಮಕ್ಕಳ ಬೆರಳು ತಲುಪದಂತೆ ಮುಚ್ಚಿಗೆ ಬೇಕೇ ಬೇಕು. ಜನ ಹತ್ತಿರ ಬಂದಾಗ ಮಾತ್ರ ಗೊಂಬೆ ಏಳುವಂತೆ ಚಲನ ಸಂವೇದಕ ಜೋಡಿಸುವ ಬಗೆಯನ್ನು ಲೇಖಕರು ಮುಂದೆ ಬರೆಯುತ್ತಾರೆಯೇ?