ಕಾಡೆಂದು ಭಾವಿಸತಕ್ಕದ್ದು

ಮತ್ತೆ ಡೀಮ್ಡ್ ಫಾರೆಸ್ಟ್, ಅಂದರೆ ಕಾಡೆಂದು ಭಾವಿಸಬೇಕಾದ ಜಾಗದ ಗಲಾಟೆ, ಶುರುವಾಗಿದೆ. ಮತ್ತೆ ಸರ್ವೆಯಂತೆ, ಮತ್ತೆ ಪಟ್ಟಿಯಂತೆ, ಮತ್ತೆ ಸಮಿತಿಯಂತೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾವ ಹೋಟೆಲಿನಲ್ಲಿ ಕೂತರೂ ಪಕ್ಕದ ಟೇಬಲಿನಲ್ಲಿ ಇದೇ ಮಾತು. ಇಂಗ್ಲಿಷ್ ಎಂಎ ಮಾಡಿದವರೂ ದಿನದ ಮಾತಿನಲ್ಲಿ ಬಳಸದ ‘ಡೀಮ್’ ಎಂಬ ಕ್ರಿಯಾಪದ ನಮ್ಮಲ್ಲಿ ಅಡಿಕೆ ಕೊನೆ ತೆಗೆಯುವವರ ಬಾಯಲ್ಲಿದೆ. “ನಮ್ದೂ ಡೀಮ್ಡಿಗೆ ಹೋಗಿದೆ ಮಾರಾಯ್ರೆ” ಅನ್ನುತ್ತಾರೆ, ಮನೆಯವರು ಯಾರೋ ಆಸ್ಪತ್ರೆ ಸೇರಿದ ಹಾಗೆ. ಹಳ್ಳಿಯವರಿಗೆ ಇಂಗ್ಲಿಷ್ ಕಲಿಸಬೇಕು ಅಂತ ಶಿಕ್ಷಣ ಇಲಾಖೆ ಒದ್ದಾಡಿತು. ಕಲಿಸಿದ್ದು ಅರಣ್ಯ ಇಲಾಖೆ.

ಈ ಡೀಮ್ ಸಾಮಾನ್ಯ ಮನೆತನದ್ದಲ್ಲ. ವಿನಾಶಕ್ಕೆ ಇಂಗ್ಲಿಷಿನಲ್ಲಿ ‘ಡೂಮ್’ ಅಂತಾರಲ್ಲ, ಅದಕ್ಕೂ ಇದಕ್ಕೂ ಒಂದೇ ಬೇರು. ಹಳೆಯ ಇಂಗ್ಲಿಷಿನಲ್ಲಿ ತೀರ್ಪು ಕೊಡುವುದು ಎಂದರ್ಥ. ಐಲ್ ಆಫ್ ಮ್ಯಾನ್ ಅಂತ ಒಂದು ದ್ವೀಪವಿದೆ, ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ. ಅಲ್ಲಿ ಈಗಲೂ ನ್ಯಾಯಾಧೀಶರನ್ನು ಡೀಮ್‌ಸ್ಟರ್ ಅನ್ನುತ್ತಾರೆ. ನಮಗೆ ಅಷ್ಟು ದೊಡ್ಡವರು ಬೇಕಾಗಿಲ್ಲ. ಒಬ್ಬ ಗಾರ್ಡು, ಒಂದು ಜಿಪಿಎಸ್, ಒಂದು ಪಟ್ಟಿ ಇದ್ದರೆ ಸಾಕು.

ಕಾನೂನಿನಲ್ಲಿ ಈ ಪದದ ಕೆಲಸ ಬಹಳ ಸುಲಭ. ಇಲ್ಲದ್ದನ್ನು ಇದೆ ಅಂತ ಇಟ್ಟುಕೊಳ್ಳುವುದು. ಆಮೇಲೆ ಯಾರೂ ತಕರಾರು ತೆಗೆಯಬಾರದು. ಕನ್ನಡದ ಕಾಯ್ದೆ ಪುಸ್ತಕಗಳು ಇದನ್ನು ‘ಭಾವಿಸತಕ್ಕದ್ದು’ ಅನ್ನುತ್ತವೆ. ಭಾವಗೀತೆಯಲ್ಲಿರುವ ಭಾವವೇ. ‘ತಕ್ಕದ್ದು’ ಸೇರಿದ ಕೂಡಲೇ ಅದರ ಕೈಗೆ ಲಾಠಿ ಬಂತು. ಡೀಮ್ಡ್ ಯೂನಿವರ್ಸಿಟಿ ನೋಡಿ. ಅದು ಯೂನಿವರ್ಸಿಟಿ ಅಂತ ನಾವು ಭಾವಿಸಬೇಕು. ಫೀಸು ಮಾತ್ರ ಡೀಮ್ಡ್ ಅಲ್ಲ, ನಿಜವಾದದ್ದೇ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಲಿಲ್ಲ ಅಂತಿಟ್ಟುಕೊಳ್ಳಿ. ಮಾಹಿತಿ ನಿರಾಕರಿಸಿದ್ದಾರೆ ಎಂದು ಭಾವಿಸತಕ್ಕದ್ದು. ಅಂದರೆ ಸುಮ್ನೆ ಕೂತಿದ್ದರೂ ಕಚೇರಿಯವರು ಒಂದು ಕೆಲಸ ಮಾಡಿ ಮುಗಿಸಿದ ಹಾಗಾಯಿತು! ಆದರೆ ಸರ್ಕಾರಿ ಜಾಗದ ಸಾಗುವಳಿ ಸಕ್ರಮ ಮಾಡಿ ಅಂತ ಬಗರ್ ಹುಕುಂ ಫಾರಂ 57 ಹಾಕಿ ವರ್ಷಗಟ್ಟಲೆ ಕಾದವನ ಅರ್ಜಿ ಮಂಜೂರಾಗಿದೆ ಅಂತ ಯಾರಾದರೂ ಭಾವಿಸುತ್ತಾರಾ? ಇಲ್ಲ. ಭಾವನೆ ಒಂದೇ ಕಡೆಗೆ ಹರಿಯುತ್ತದೆ.

ನೋಟಿಸಿನ ಕಥೆ ಇನ್ನೂ ಚಂದ. ಸರಿಯಾದ ವಿಳಾಸ ಬರೆದು ರಿಜಿಸ್ಟರ್ ಪೋಸ್ಟಿಗೆ ಹಾಕಿದರೆ ಸಾಕು, ತಲುಪಿದೆ ಎಂದು ಭಾವಿಸಬೇಕು ಅಂತ 1897ರ ಜನರಲ್ ಕ್ಲಾಸಸ್ ಕಾಯ್ದೆ ಹೇಳುತ್ತದೆ. ಅದನ್ನು ಬರೆದವರು ಜುಲೈ ತಿಂಗಳಲ್ಲಿ ಆಗುಂಬೆ ಕಡೆ ಬಂದಿರಲಿಕ್ಕಿಲ್ಲ. ಮರ ಬಿದ್ದು ದಾರಿ ಮುಚ್ಚಿದರೆ ಪೋಸ್ಟು ಎಲ್ಲಿ ಬರುತ್ತದೆ? ಹೊಸನಗರದ ಕಡೆ ಒಬ್ಬರ ಕೊಟ್ಟಿಗೆಯ ಕಂಬಕ್ಕೆ ಹಚ್ಚಿದ್ದ ನೋಟಿಸನ್ನು ನೋಡಿದೆ. ಆಷಾಢದ ಮಳೆಗೆ ಮೈದಾ ಅಂಟು ಕರಗಿ ಕಾಗದ ಅರ್ಧ ಮಡಚಿ ಕೆಳಗೆ ಜೋತುಬಿದ್ದಿತ್ತು. ಸೀಲಿನ ನೀಲಿ ಎಲ್ಲಾ ಕಡೆ ಹರಡಿತ್ತು. ಒಂದು ಮೂಲೆಯನ್ನು ಕರು ತಿಂದಿತ್ತು. ಓದಲಿಕ್ಕೆ ಉಳಿದದ್ದು ‘ತಪ್ಪಿದಲ್ಲಿ’ ಅನ್ನುವ ಪದ ಒಂದೇ. ನೋಟಿಸ್ ಜಾರಿಯಾಗಿದೆ ಅಂದರು. ಕಂಬದಿಂದ ಜಾರಿದ್ದಂತೂ ನಿಜ.

ಇನ್ನು ಕಾಡಿನ ವಿಷಯ. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಜಮೀನು ಯಾರದ್ದೇ ಆಗಿರಲಿ, ಡಿಕ್ಷನರಿ ಯಾವುದನ್ನು ಕಾಡು ಅನ್ನುತ್ತದೋ ಅದು ಕಾಡು. ಒಳ್ಳೇ ತೀರ್ಪೇ, ತಮಾಷೆಯಲ್ಲ. ಗುಡ್ಡ ಬೋಳಿಸುತ್ತಿದ್ದವರಿಗೆ ಅಂಥದ್ದೊಂದು ಬೇಕಿತ್ತು. ಅದನ್ನು ಹಿಡಿದುಕೊಂಡು ನಮ್ಮ ರಾಜ್ಯದವರು ಪಟ್ಟಿ ಮಾಡಿದರು. 9.94 ಲಕ್ಷ ಹೆಕ್ಟೇರ್ ಕಾಡು ಸಿಕ್ಕಿತು. 2022ರ ಹೊತ್ತಿಗೆ ಅದು 3.3 ಲಕ್ಷಕ್ಕೆ ಇಳಿಯಿತು. ಉಳಿದ ಆರೂವರೆ ಲಕ್ಷ ಚಿಲ್ಲರೆ ಹೆಕ್ಟೇರ್ ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ, ಅಲ್ಲೇ ಇದೆ. ಭಾವನೆ ಬದಲಾಯಿತು, ಅಷ್ಟೆ. 2023ರಲ್ಲಿ ಕೇಂದ್ರದವರು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ನೇ ತಿದ್ದಿ, ಹೆಸರನ್ನೂ ‘ವನ ಸಂರಕ್ಷಣ್ ಏವಂ ಸಂವರ್ಧನ್ ಅಧಿನಿಯಮ್’ ಮಾಡಿದರು. ಇಂಗ್ಲಿಷ್ ಪ್ರತಿಯಲ್ಲೂ ಅದೇ ಹೆಸರು. ಡೀಮ್ಡ್ ಈಗಷ್ಟೇ ಬಾಯಿಗೆ ಕೂತಿತ್ತು, ಮತ್ತೆ ಹೊಸ ಪಾಠ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಸದ್ಯಕ್ಕೆ ಡಿಕ್ಷನರಿಯನ್ನೇ ನೋಡಿ ಅಂತು.

ಆ ಡಿಕ್ಷನರಿಯಲ್ಲಿ ನಮ್ಮ ದಟ್ಟ ಹಸಿರಿನ ಕಾನು ಇಲ್ಲ. ಸೊಪ್ಪಿನಬೆಟ್ಟ ಇಲ್ಲ, ದನ ಮೇಯುವ ಬ್ಯಾಣವೂ ಇಲ್ಲ. ತಲೆತಲಾಂತರದಿಂದ ತೋಟಕ್ಕೆ ಸೊಪ್ಪು, ದರಗು ತಂದ ಜಾಗ ಕಾಡೋ, ಅಲ್ಲವೋ? ಕೇಳಿದರೆ ಕಂದಾಯದವರು ಅರಣ್ಯದವರನ್ನು ತೋರಿಸುತ್ತಾರೆ, ಅರಣ್ಯದವರು ಕಂದಾಯದವರನ್ನು. ಜಂಟಿ ಸರ್ವೆ ಇಟ್ಟ ದಿನ ಒಬ್ಬರಿಗೆ ಮೀಟಿಂಗು. ಅತ್ತ ಭದ್ರಾವತಿಯ ಕಾಗದದ ಕಾರ್ಖಾನೆ ನಿಂತು ವರ್ಷಗಳೇ ಆದವು. ಅದಕ್ಕೆಂದು ಸಾಲಾಗಿ ನೆಟ್ಟ ಅಕೇಶಿಯಾ ನೆಡುತೋಪು ಇನ್ನೂ ನಿಂತಿದೆ. ಅದರ ಬುಡದಲ್ಲಿ ಒಂದು ಗಿಡ ಸರಿಯಾಗಿ ಬೆಳೆಯುವುದಿಲ್ಲ. ಕಾಗದದಲ್ಲಿ ಅದು ಅರಣ್ಯ ಭೂಮಿ. ಅದರ ಬಗ್ಗೆ ಯಾರಿಗೂ ಅನುಮಾನವಿಲ್ಲ.

ನಗು ಸಾಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಕಣಿವೆಯ ಗದ್ದೆ, ತೋಟ, ಮನೆ ಮುಳುಗಿದವು. ಜನರನ್ನು ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು. ಇಲ್ಲೇ ಇರಿ ಅಂದದ್ದು ಸರ್ಕಾರ. ಅವರು ಕಡಿದು, ಅಗೆದು, ಗದ್ದೆ ಮಾಡಿಕೊಂಡರು. ದಾಖಲೆಯಲ್ಲಿ ಮಾತ್ರ ಅದು ಕಾಡಾಗಿಯೇ ಉಳಿಯಿತು. ಅಜ್ಜ ಹೋದರು, ಅಪ್ಪನಿಗೆ ವಯಸ್ಸಾಯಿತು, ಮೊಮ್ಮಗ ಸಾಲ ಕೇಳಲು ಹೋದರೆ ಪಹಣಿ ಎಲ್ಲಿ ಅಂತಾರೆ. ಮೇಲಿಂದ ಒತ್ತುವರಿದಾರ ಅನ್ನುವ ಹೆಸರು. ನಡುವೆ ಒಂದಷ್ಟು ಜಾಗ ಡಿನೋಟಿಫೈ ಮಾಡಿದರು, ಅಂದರೆ ಇದು ಕಾಡಲ್ಲ ಅಂತ ಕೈಬಿಟ್ಟರು. ಅದೇ 1980ರ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಬೇಕಿತ್ತು. ತಗೊಳ್ಳಲಿಲ್ಲ. ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಒಪ್ಪಿಗೆ ಬೇಕು ಅಂತ ವಿಧಾನಸೌಧದಲ್ಲಿ ಯಾರಿಗೂ ಗೊತ್ತಿರಲಿಲ್ಲವಾ? ಡಿನೋಟಿಫೈ ಮಾಡಿಸಿದೆವು ಅಂತ ಹಾರ ಹಾಕಿಸಿಕೊಂಡವರು ಒಬ್ಬರಾದರೂ ಈಗ ಬಾಯಿ ಬಿಡುತ್ತಾರಾ?

ಹೊಸ ಸಮಿತಿಯವರು ಬರಲಿ. ಡಿಕ್ಷನರಿ ಬೇಡ, ಜಿಪಿಎಸ್ ಆಮೇಲೆ ನೋಡೋಣ. ಆ ಲಾರಿಗಳನ್ನು ಯಾರು ಕಳಿಸಿದರು, ಯಾವ ಆದೇಶದ ಮೇಲೆ ಕಳಿಸಿದರು, ಮೊದಲು ಆ ಫೈಲು ತೆಗೆಯಲಿ. ಸಿಗದಿದ್ದರೆ ಫೈಲು ನಮ್ಮಲ್ಲಿಲ್ಲ ಅಂತ ಬರೆದುಕೊಡಲಿ. ಸೀಲು ಹಾಕಿ, ಸಹಿ ಮಾಡಿ, ಕೈಗೇ ಕೊಡಲಿ.