ಚಪ್ಪಾಳೆ ಬಂದ ಕೂಡಲೇ ಮುಂದಕ್ಕೆ ಓಡಿಸುವ ಗೆಳೆಯನಿಗೆ

ಮೊನ್ನೆ ರಾತ್ರಿ ಗೆಳೆಯನೊಬ್ಬ ನನ್ನ ಫೋನ್ ಕೈಗೆ ತಗೊಂಡು, ಹಾಡು ಮುಗಿದು ಚಪ್ಪಾಳೆ ಶುರುವಾದ ಕೂಡಲೇ ಮುಂದಿನ ಹಾಡಿಗೆ ಹಾರಿಸಿದ. ಮತ್ತೆ ಚಪ್ಪಾಳೆ, ಮತ್ತೆ ಹಾರಿಸಿದ. ಮೂರನೇ ಸಲ ಫೋನ್ ಕಿತ್ತುಕೊಂಡೆ. "ಅಲ್ಲ ಮಾರಾಯ, ಇದೇ ಹಾಡು ಸ್ಟುಡಿಯೋದಲ್ಲಿ ಹಾಡಿದ್ದು ನೀಟಾಗಿ ಸಿಗುತ್ತಲ್ಲ, ಈ ಗಲಾಟೆ ಯಾಕೆ ಕೇಳ್ತೀಯ?" ಅಂದ. ಆಗ ಉತ್ತರ ಹೊಳೆಯಲಿಲ್ಲ. ಸಿಟ್ಟು ಬಂದಾಗ ನನಗೆ ಮಾತು ಕಟ್ಟುತ್ತೆ, ಬರೆಯೋಕೆ ಕೂತರೆ ಬಿಚ್ಚಿಕೊಳ್ಳುತ್ತೆ. ಹಾಗಾಗಿ ಇದು ಅವನಿಗೆ. ಉದ್ದ ಇದೆ ಕಣೋ, ಹಾರಿಸದೆ ಓದು.

ಲೈವ್ ಆಲ್ಬಮ್ (ಜನರ ಮುಂದೆ ಹಾಡಿದ್ದನ್ನ ಅಲ್ಲೇ ರೆಕಾರ್ಡ್ ಮಾಡಿದ್ದು) ಹಾಕಿಕೊಂಡು ಕೂತಾಗ ನನ್ನ ಅರ್ಧ ಕಿವಿ ವೇದಿಕೆ ಮೇಲಿರುತ್ತೆ, ಇನ್ನರ್ಧ ಕತ್ತಲಲ್ಲಿ ಕೂತ ಜನರ ಮೇಲಿರುತ್ತೆ. ಅವರು ಯಾವ ಕ್ಷಣದಲ್ಲಿ ಉಸಿರು ಹಿಡಿದರು, ಎಲ್ಲಿ ತಡೆಯಲಾರದೆ ಕೂಗಿದರು, ಆ ಕೂಗು ಕೇಳಿ ಹಾಡುವವನು ಏನು ಬದಲಾಯಿಸಿಕೊಂಡ ಅನ್ನೋದು ಸ್ಟುಡಿಯೋದ ಗಾಜಿನ ಗೋಡೆಯ ಹಿಂದೆ ಸಿಗೋ ಮಾಲಲ್ಲ.

ಅಮೆರಿಕದ ಗಾಯಕ ಜೇಮ್ಸ್ ಬ್ರೌನ್‌ನ 'ಲೈವ್ ಅಟ್ ದಿ ಅಪೋಲೋ' ತಗೋ. 1962ರ ಅಕ್ಟೋಬರ್ 24, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರೋ ಅಪೋಲೋ ಥಿಯೇಟರು. ಆಗಲೇ ಮಾರಾಟವಾಗಿರೋ ಹಾಡುಗಳನ್ನ ಮತ್ತೆ ಯಾರು ದುಡ್ಡು ಕೊಟ್ಟು ಕೊಳ್ತಾರೆ ಅಂತ ಅವನ ಕಂಪನಿ ಯಜಮಾನ ಸಿಡ್ ನೇಥನ್ ಕೈಯೆತ್ತಿಬಿಟ್ಟ. ಬ್ರೌನ್ ತನ್ನ ಜೇಬಿನಿಂದಲೇ 5,700 ಡಾಲರ್ ಸುರಿದು ರೆಕಾರ್ಡ್ ಮಾಡಿಸಿದ. ಆಲ್ಬಮ್ ಹೊರಬಂದ ಮೇಲೆ ರೇಡಿಯೋದವರು ಒಂದು ಹಾಡು ಹಾಕೋ ಬದಲು ತಟ್ಟೆಯ ಒಂದಿಡೀ ಬದಿಯನ್ನೇ ಹಾಕತೊಡಗಿದರು. ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ 66 ವಾರ ಕೂತಿತ್ತು. ಒಟ್ಟು ಆಲ್ಬಮ್ ಇರೋದು ಮೂವತ್ತು ಚಿಲ್ಲರೆ ನಿಮಿಷ!

ಅದರಲ್ಲಿ 'ಲಾಸ್ಟ್ ಸಮ್‌ವನ್' ಒಂದೇ ಹತ್ತು ನಿಮಿಷ ದಾಟುತ್ತೆ. ಹಾಡಿನಲ್ಲಿ ಕತೆ ಅಂತ ಏನೂ ನಡೆಯೋದಿಲ್ಲ. ಬ್ಯಾಂಡಿನವರು ಒಂದು ಸಣ್ಣ ತುಣುಕನ್ನ ತಿರುಗಾಮುರುಗಾ ನುಡಿಸ್ತಾ ಇರ್ತಾರೆ. ಬ್ರೌನ್ ದನಿ ಇಳಿಸ್ತಾನೆ, ಗೋಗರೆಯುತ್ತಾನೆ, ಥಟ್ಟನೆ ನಿಲ್ಲಿಸ್ತಾನೆ. ಆ ಖಾಲಿ ಜಾಗಕ್ಕೆ ಎಲ್ಲಿಂದಲೋ ಒಂದು ಹೆಣ್ಣಿನ ಕಿರುಚು ಬಂದು ಬೀಳುತ್ತೆ. ಗಾಳ ಹಾಕಿ ಕೂತವನು ದಾರ ಸಡಿಲ ಬಿಟ್ಟು, ಮೀನು ಕಚ್ಚಿದ್ದು ಗೊತ್ತಾದ ಮೇಲೆ ಮೆಲ್ಲಗೆ ಎಳೀತಾನಲ್ಲ, ಹಾಗೆ ಅವನು ಆ ಕಿರುಚನ್ನ ಎಳೆಯುತ್ತಾ ಹೋಗ್ತಾನೆ. ಇದೇ ಹಾಡು ಸಿಂಗಲ್ ಆಗಿ ಬಂದಾಗ ಮೂರ್ನಾಲ್ಕು ನಿಮಿಷಕ್ಕೆ ಮುಗಿಯುತ್ತಿತ್ತು. ಹೆಚ್ಚಿಗೆ ಬಂದ ನಿಮಿಷಗಳನ್ನು ಯಾರು ಬರೆದರು ಹೇಳು? ಅಲ್ಲಿ ಕೂತಿದ್ದ ಜನ.

(ಹಳೇ ಎಲ್‌ಪಿಯಲ್ಲಿ ಈ ಹಾಡನ್ನ ಎರಡು ತುಂಡು ಮಾಡಿ ಒಂದು ಬದಿಯ ಕೊನೆಗೆ ಅರ್ಧ, ಇನ್ನೊಂದು ಬದಿಯ ಮೊದಲಿಗೆ ಅರ್ಧ ಹಾಕಿದ್ದರು. ಅಷ್ಟು ಒಳ್ಳೇ ಜಾಗದಲ್ಲಿ ಎದ್ದು ಹೋಗಿ ತಟ್ಟೆ ತಿರುವಿ ಹಾಕಬೇಕು. ಪಾಪ.)

ಈ ಸಂಕಟ ನನಗೆ ಚೆನ್ನಾಗಿ ಗೊತ್ತು. ಡೀಪ್ ಪರ್ಪಲ್ ಅನ್ನೋ ರಾಕ್ ಬ್ಯಾಂಡಿನ 'ಮೇಡ್ ಇನ್ ಜಪಾನ್' ನನಗೆ ಮೊದಲು ಸಿಕ್ಕಿದ್ದು ಅರವತ್ತು ನಿಮಿಷದ ಕ್ಯಾಸೆಟ್‌ನಲ್ಲಿ, ಇನ್ಯಾರೋ ಕಾಪಿ ಮಾಡಿಕೊಟ್ಟಿದ್ದು. ಆಲ್ಬಮ್ ಇರೋದು ಎಪ್ಪತ್ತೈದು ನಿಮಿಷದ ಮೇಲೆ. ಕೊನೆಯ 'ಸ್ಪೇಸ್ ಟ್ರಕಿನ್' ಹೆಚ್ಚುಕಮ್ಮಿ ಇಪ್ಪತ್ತು ನಿಮಿಷದ್ದು, ಅದು ಶುರುವಾಗಿ ಸ್ವಲ್ಪ ಹೊತ್ತಿಗೇ ಟೇಪು ಮುಗಿದು 'ಟಕ್' ಅಂತ ಗುಂಡಿ ಎದ್ದುಬಿಡ್ತಿತ್ತು. ಈಗ ಪೂರ್ತಿ ಕೇಳಬಹುದು, ಆದರೂ ಆ ಜಾಗ ಬಂದಾಗ ಕಿವಿ ಆ 'ಟಕ್'ಗೆ ಕಾಯುತ್ತೆ. 1972ರ ಆಗಸ್ಟ್‌ನಲ್ಲಿ ಒಸಾಕಾ, ಟೋಕಿಯೋಗಳಲ್ಲಿ ಮೂರು ರಾತ್ರಿ ರೆಕಾರ್ಡ್ ಆದದ್ದು. ಜಪಾನಿನವರ ಒತ್ತಾಯಕ್ಕೆ ಒಪ್ಪಿದ್ದು ಬಿಟ್ಟರೆ ಬ್ಯಾಂಡಿಗೇ ಅದರ ಮೇಲೆ ಅಷ್ಟೇನೂ ಆಸೆ ಇರಲಿಲ್ಲ. ಅದರಲ್ಲಿ ಬ್ಲ್ಯಾಕ್‌ಮೋರ್‌ನ ಗಿಟಾರಿಗೂ ಗಿಲನ್‌ನ ಗಂಟಲಿಗೂ ಒಂದು ಸವಾಲ್ ಜವಾಬ್ ನಡೆಯುತ್ತೆ. ಗಿಟಾರು ಒಂದು ಸಾಲು ನುಡಿಸೋದು, ಗಂಟಲು ಅದನ್ನೇ ತಿರುಗಿ ಹೇಳೋದು, ಹೀಗೇ ಮೇಲೆ ಮೇಲೆ ಏರಿ ಕೊನೆಗೆ ಗಿಲನ್ ಒಂದು ಚೀರು ಹಾಕ್ತಾನೆ ನೋಡು, ಗಿಟಾರೇ ನಾಚಿಕೊಳ್ಳಬೇಕು.

ಆದರೆ ಜನರೇ ಹಾಡಿಬಿಟ್ಟ ಆಲ್ಬಮ್ ಅಂದರೆ ಡಾನಿ ಹ್ಯಾಥವೇಯ 'ಲೈವ್', 1972ರದ್ದು. ಕ್ಯಾರೊಲ್ ಕಿಂಗ್ ಬರೆದ 'ಯೂವ್ ಗಾಟ್ ಎ ಫ್ರೆಂಡ್' ಶುರು ಮಾಡ್ತಾನೆ. ಕೀಬೋರ್ಡಿನ ಮೊದಲ ಸ್ವರಗಳು ಬಿದ್ದ ಕೂಡಲೇ ಗುರುತು ಸಿಕ್ಕಿ ಕೂಗು ಏಳುತ್ತೆ. ಪಲ್ಲವಿ ಬರೋ ಹೊತ್ತಿಗೆ ಇಡೀ ಹಾಲ್ ಹಾಡ್ತಿದೆ. ಹ್ಯಾಥವೇ ಆ ಸಾಲನ್ನ ಅವರಿಗೇ ಬಿಟ್ಟುಕೊಟ್ಟು ತಾನು ಅತ್ತಿತ್ತ ಒಂದೊಂದು ಮಾತು ಸೇರಿಸ್ತಾನೆ ಅಷ್ಟೇ. ಸಣ್ಣ ಕ್ಲಬ್ಬು, ಮುಖ ಕಾಣುವಷ್ಟು ಹತ್ತಿರ ಕೂತ ಜನ. ಸ್ಟೇಡಿಯಂನಲ್ಲಿ ಐವತ್ತು ಸಾವಿರ ಜನ ಒಟ್ಟಿಗೆ ಒದರೋದಕ್ಕೂ ಇದಕ್ಕೂ ಅಜಗಜಾಂತರ. ಇಲ್ಲಿ ಒಂದೊಂದು ದನಿ ಬಿಡಿಬಿಡಿಯಾಗಿ ಸಿಗುತ್ತೆ, ಶ್ರುತಿ ತಪ್ಪಿದವರೂ ಇದ್ದಾರೆ.

ಜನ ಪೆದ್ದರಾಗೋದೂ ಉಂಟು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ 'ಕನ್ಸರ್ಟ್ ಫಾರ್ ಬಾಂಗ್ಲಾದೇಶ್' ಕೇಳಿದ್ದೀಯಲ್ಲ? ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಕೂತು ಶ್ರುತಿ ಮಾಡಿಕೊಂಡು ನಿಲ್ಲಿಸ್ತಾರೆ. ಜನ ಜೋರು ಚಪ್ಪಾಳೆ! ರವಿಶಂಕರ್ ಅವರು, ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದರೆ ನುಡಿಸೋದು ಇನ್ನೂ ಹಿಡಿಸಬಹುದು ಅನ್ನೋ ಅರ್ಥದ ಒಂದು ಮಾತು ಹೇಳ್ತಾರೆ. ದನಿಯಲ್ಲಿ ಸ್ವಲ್ಪವೂ ಕೊಂಕಿಲ್ಲ, ಅದೇ ಅದರ ಸೊಗಸು. ನೀಟು ಮಾಡೋ ಎಡಿಟರ್ ಯಾರಾದರೂ ಇದ್ದಿದ್ದರೆ ಮೊದಲು ಕತ್ತರಿ ಬೀಳ್ತಿದ್ದುದು ಇದಕ್ಕೇ.

ಎಲ್ಲಾ ಫಿಟ್ಜ್‌ಜೆರಾಲ್ಡ್ 1960ರಲ್ಲಿ ಬರ್ಲಿನ್‌ನಲ್ಲಿ 'ಮ್ಯಾಕ್ ದಿ ನೈಫ್' ಹಾಡುವಾಗ ಅರ್ಧದಲ್ಲಿ ಸಾಹಿತ್ಯ ಮರೆತುಬಿಟ್ಟಳು. ಮರೆತೆ ಅನ್ನೋದನ್ನೇ ತಾಳಕ್ಕೆ ಕೂರಿಸಿ ಹಾಡಿದಳು, ಸಾಲದ್ದಕ್ಕೆ ಲೂಯಿ ಆರ್ಮ್‌ಸ್ಟ್ರಾಂಗ್‌ನ ದನಿ ಅಣಕಿಸಿದಳು. ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಹೆಚ್ಚಿಗೆ ಹೇಳೋಲ್ಲ, ಹೋಗಿ ಕೇಳು.

ಈಗ ನನ್ನ ವಾದಕ್ಕೇ ಕುತ್ತು ತಂದ ಆಲ್ಬಮ್‌ಗೆ ಬರ್ತೀನಿ. ಜಾನಿ ಕ್ಯಾಶ್, 'ಅಟ್ ಫಾಲ್ಸಮ್ ಪ್ರಿಸನ್'. 1968ರ ಜನವರಿ 13ರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಜೈಲಿನ ಊಟದ ಹಾಲಿನಲ್ಲಿ, ಕೈದಿಗಳ ಮುಂದೆ. ಮೊದಲ ಹಾಡಿನಲ್ಲೇ, ಸಾಯೋದನ್ನ ನೋಡೋಕೆ ಅಂತಲೇ ಒಬ್ಬನಿಗೆ ಗುಂಡು ಹೊಡೆದೆ ಅನ್ನೋ ಸಾಲು ಬರುತ್ತೆ. ಆ ಸಾಲಿಗೆ ಕೈದಿಗಳು ಹೋ ಅಂತ ಕೂಗ್ತಾರೆ. ಎಷ್ಟು ವರ್ಷ ಈ ಕೂಗು ಕೇಳಿ ಮೈ ಜುಮ್ಮೆನಿಸಿಕೊಂಡಿದ್ದೆ! ಎಷ್ಟು ಜನಕ್ಕೆ ಅದನ್ನೇ ತೋರಿಸಿ, 'ನೋಡಿ, ಲೈವ್ ಅಂದ್ರೆ ಇದು' ಅಂದಿದ್ದೆ. ಆಮೇಲೆ ಗೊತ್ತಾಯ್ತು, ಆ ಕೂಗು ರೆಕಾರ್ಡಿಂಗ್ ಆದ ಮೇಲೆ ಅಂಟಿಸಿದ್ದು. ನಿಜವಾಗಿ ಆ ಸಾಲಿಗೆ ಯಾರೂ ಕೂಗಲಿಲ್ಲ. ಇಂಥ ಮಾತಿಗೆಲ್ಲ ಖುಷಿಪಟ್ಟರೆ ಕಾವಲಿನವರು ಆಮೇಲೆ ನೋಡಿಕೊಳ್ತಾರೆ ಅನ್ನೋ ಭಯ ಅವರಿಗೆ.

ಎರಡು ದಿನ ಆ ಆಲ್ಬಮ್ ಮುಟ್ಟಲಿಲ್ಲ, ಮೋಸ ಹೋದವನ ಹಾಗಿದ್ದೆ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ, ಈ ಸಲ ಆ ಕೂಗನ್ನ ಮನಸ್ಸಿನಲ್ಲೇ ಅಳಿಸಿಕೊಂಡು. ಗುಂಡಿನ ಸಾಲು ಬಂತು, ಹೋಯ್ತು, ಹಾಲ್ ತುಂಬ ಗಂಡಸರು ತುಟಿ ಬಿಚ್ಚದೆ ಕೂತಿದ್ದಾರೆ. ಅಂಟಿಸಿದ ಕೂಗಿಗಿಂತ ಆ ಮೌನವೇ ಹೆಚ್ಚು ಹೆದರಿಸಿತು. ಅದನ್ನ ಹಾಗೇ ಬಿಡೋ ಧೈರ್ಯ ಆಲ್ಬಮ್ ಮಾಡಿದವರಿಗೆ ಯಾಕೆ ಬರಲಿಲ್ಲವೋ. ಅದೇ ಆಲ್ಬಮ್‌ನಲ್ಲಿ ಹಾಡುಗಳ ನಡುವೆ ಜೈಲಿನ ಮೈಕಿನಲ್ಲಿ ಕೈದಿಯೊಬ್ಬನ ನಂಬರ್ ಕೂಗಿ ಬರಹೇಳ್ತಾರೆ, ಅದೊಂದು ಸಾಕು ಎಲ್ಲಿ ಕೂತಿದ್ದೀವಿ ಅಂತ ನೆನಪಿಸೋಕೆ. ಕೊನೇ ಹಾಡು ಅಲ್ಲೇ ಶಿಕ್ಷೆ ಅನುಭವಿಸ್ತಿದ್ದ ಗ್ಲೆನ್ ಶರ್ಲಿ ಬರೆದದ್ದು. ಕ್ಯಾಶ್ ಅದನ್ನ ಕಲಿತದ್ದೇ ಹಿಂದಿನ ರಾತ್ರಿ. ಶರ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ, ತನ್ನ ಹಾಡು ಬರುತ್ತೆ ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಈ ಅಂಟಿಸೋ ಚಾಳಿ ಹೊಸದಲ್ಲ. ಡ್ಯೂಕ್ ಎಲಿಂಗ್ಟನ್‌ನ ಜಾಝ್ ಬ್ಯಾಂಡು 1956ರಲ್ಲಿ ಅಮೆರಿಕದ ನ್ಯೂಪೋರ್ಟ್ ಉತ್ಸವದಲ್ಲಿ ನುಡಿಸಿದ್ದರ ಆಲ್ಬಮ್‌ನಲ್ಲಿ ಎಷ್ಟೋ ಭಾಗ ಆಮೇಲೆ ಸ್ಟುಡಿಯೋದಲ್ಲಿ ನುಡಿಸಿ ಚಪ್ಪಾಳೆ ಸೇರಿಸಿದ್ದು. ಆದರೆ ಪಾಲ್ ಗೊನ್ಸಾಲ್ವೆಸ್ ಸ್ಯಾಕ್ಸೊಫೋನಿನಲ್ಲಿ ಉಸಿರು ಬಿಡದೆ ಸುತ್ತಿದ 27 ಆವರ್ತಗಳು ಮಾತ್ರ ಅವತ್ತಿನವೇ. ಅವನು ಕಂಪನಿಯ ಮೈಕು ಬಿಟ್ಟು ಇನ್ನೊಂದು ಮೈಕಿಗೆ ನುಡಿಸಿಬಿಟ್ಟಿದ್ದರಿಂದ ದನಿ ದೂರದಲ್ಲಿ ಕೇಳುತ್ತೆ. ಆ ಇನ್ನೊಂದು ಮೈಕು ವಾಯ್ಸ್ ಆಫ್ ಅಮೆರಿಕಾ ರೇಡಿಯೋದವರದ್ದು. ಅವರ ಟೇಪು ಸಿಕ್ಕಿ, ಎರಡನ್ನೂ ಜೋಡಿಸಿ 1999ರಲ್ಲಿ ನಿಜವಾದ ಕಛೇರಿಯನ್ನೇ ಹೊರತಂದರು. ಎರಡು ಬೇರೆ ಬೇರೆ ಮೈಕಿನ ಟೇಪು ಒಟ್ಟಾದ್ದರಿಂದ ಸ್ಟೀರಿಯೋ ಕೂಡ ಬಂತು. ನ್ಯಾಯ ಅಂದರೆ ಹೀಗಿರಬೇಕು.

ಈ ಅಂಟಿಸೋ ಚಾಳಿಗೆ ಪೂರಾ ತದ್ವಿರುದ್ಧ ದಿ ಹೂ ಬ್ಯಾಂಡಿನ 'ಲೈವ್ ಅಟ್ ಲೀಡ್ಸ್', 1970. ಟೇಪಿನಲ್ಲಿ ಚಿಟಪಟ ಸದ್ದು ಬಂದಿತ್ತು. ತಟ್ಟೆಯ ಲೇಬಲ್ ಮೇಲೇ ಬರೆದರು: ಚಿಟಪಟ ಇದ್ದರೆ ಇರಲಿ, ಸರಿ ಮಾಡಬೇಡಿ. ಆಹಾ!

ಇನ್ನು ಪಿಯಾನೋ ನುಡಿಸೋ ಕೀತ್ ಜಾರೆಟ್. ಜರ್ಮನಿಯ ಕೋಲ್ನ್ ನಗರದ ಆಪೆರಾ ಮಂದಿರ, 1975ರ ಜನವರಿ 24, ರಾತ್ರಿ ಹನ್ನೊಂದೂವರೆ. ಕೇಳಿದ್ದು ದೊಡ್ಡ ಬೋಸೆನ್‌ಡೋರ್ಫರ್ ಪಿಯಾನೋ, ವೇದಿಕೆ ಮೇಲೆ ಬಂದಿದ್ದು ಅಭ್ಯಾಸಕ್ಕಿಟ್ಟಿದ್ದ ಸಣ್ಣದೊಂದು. ಮೇಲಿನ ಸ್ವರಗಳು ತಗಡಿನ ಹಾಗೆ, ಮಂದ್ರದಲ್ಲಿ ದಮ್ಮಿಲ್ಲ, ಪೆಡಲ್ ಸರಿಯಿಲ್ಲ. ನುಡಿಸೋದಿಲ್ಲ ಅಂತ ಹೊರಟಿದ್ದವನನ್ನ ಕಛೇರಿ ಏರ್ಪಡಿಸಿದ್ದ ಹದಿಹರೆಯದ ಹುಡುಗಿ ವೇರಾ ಬ್ರಾಂಡೆಸ್ ಒಪ್ಪಿಸಿ ಕರೆತಂದಳು. ಅವನು ಕೆಟ್ಟ ಜಾಗಗಳನ್ನ ಆದಷ್ಟು ಬಿಟ್ಟು ಪಿಯಾನೋದ ನಡುಭಾಗದಲ್ಲೇ ಓಡಾಡಿದ, ಎಡಗೈಯಲ್ಲಿ ಒಂದೇ ಲಯವನ್ನ ಮತ್ತೆ ಮತ್ತೆ ಕುಟ್ಟಿದ. ಪೂರ್ತಿ ಮನೋಧರ್ಮ, ಒಂದು ಸ್ವರವೂ ಬರೆದುಕೊಂಡು ಬಂದದ್ದಲ್ಲ. ಶುರುವಿನ ಸ್ವರಗಳನ್ನ ಕಿವಿಗೊಟ್ಟು ಕೇಳು, ಒಂದಿಷ್ಟು ಜನ ಸಣ್ಣಗೆ ನಗ್ತಾರೆ. ಒಳಗೆ ಬನ್ನಿ ಅಂತ ಜನರನ್ನ ಕರೆಯೋ ಆ ಮಂದಿರದ ಗಂಟೆಯ ನಾದವನ್ನೇ ಅವನು ಎತ್ತಿಕೊಂಡಿದ್ದ. ಆ ನಗು ಗೊತ್ತಿಲ್ಲದಿದ್ದರೆ ಅದು ಬರೀ ಚೆಂದದ ಆರಂಭ. ಗೊತ್ತಿದ್ದರೆ, ಈಗಷ್ಟೇ ಗಂಟೆ ಕೇಳಿ ಸೀಟು ಹುಡುಕಿ ಕೂತ ಸಾವಿರದ ನಾನೂರು ಜನರ ಜತೆ ನೀನೂ ಕೂತಿರ್ತೀಯ.

ಗೆಳೆಯ, ನೀನು ಮೊನ್ನೆ ಹಾರಿಸಿದ್ದು ಬಿಲ್ ಎವಾನ್ಸ್‌ನ 'ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್'. 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ಒಂದು ನೆಲಮಾಳಿಗೆ ಕ್ಲಬ್ಬು. ಎವಾನ್ಸ್‌ನ ಪಿಯಾನೋ, ಡ್ರಮ್ಸ್, ಸ್ಕಾಟ್ ಲಫಾರೋನ ಬಾಸ್. ಇಷ್ಟು ಹೊತ್ತು ಕೇಳುಗರ ಮಹಿಮೆ ಹೊಗಳಿದೆನಲ್ಲ, ಇಲ್ಲಿ ಕೇಳುಗರು ಕೇಳ್ತಾನೇ ಇಲ್ಲ! ಗ್ಲಾಸು ತಾಗಿಸ್ತಾರೆ, ಹರಟ್ತಾರೆ, ಚಪ್ಪಾಳೆ ಹೊಡೆದರೂ ಹೊಡೆದಂಗಿಲ್ಲ. ಆ ಬಡಪಾಯಿ ಚಪ್ಪಾಳೆಯನ್ನೇ ನೀನು ಹಾರಿಸಿದ್ದು. ಹನ್ನೊಂದು ದಿನ ಕಳೆದು ಲಫಾರೋ ಕಾರು ಅಪಘಾತದಲ್ಲಿ ಹೋದ. ಇಪ್ಪತ್ತೈದು ವರ್ಷ. ಈ ಮೂವರು ಮತ್ತೆ ಒಟ್ಟಿಗೆ ರೆಕಾರ್ಡ್ ಮಾಡಲಿಲ್ಲ.

ಮುಂದಿನ ಸಲ ಬಂದಾಗ ಹೆಡ್‌ಫೋನ್ ಕೊಡ್ತೀನಿ. ಬಾಸ್ ಒಂದೇ ಮುಂದಕ್ಕೆ ಬಂದು ಮಾತಾಡೋ ಹೊತ್ತಿಗೆ, ಹಿಂದೆ ಎಲ್ಲೋ ಟೇಬಲ್ಲಿನಲ್ಲಿ ಹರಟೆ ನಡೀತಾ ಇರುತ್ತೆ. ಏನು ಮಾತು ಅಂತ ತಿಳಿಯೋಲ್ಲ, ಎಷ್ಟು ಸಲ ಪ್ರಯತ್ನ ಮಾಡಿದ್ದೀನೋ ಲೆಕ್ಕವಿಲ್ಲ. ನಿನ್ನ ಕಿವಿ ನನಗಿಂತ ಚುರುಕು, ಸಿಕ್ಕರೆ ಹೇಳು.